ಲಾರಿಯ ಕಮಾನೂ ರಸ್ತೆಯ ಆಯುಷ್ಯವೂ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನು ಸೈಕಲ್ಲಿನ ಮೇಲೆ ಶಾಲೆಗೆ ಬರುತ್ತಿದ್ದಾಗ ರಸ್ತೆಯ ಗುಂಡಿಯೊಂದರಲ್ಲಿ ಬಿದ್ದು ಬಲಗೈ ಮುರಿದುಕೊಂಡನು. ಗುಂಡಿಯ ತುಂಬ ಮಳೆಯ ನೀರು ನಿಂತಿದ್ದುದರಿಂದ ಅದರ ಆಳವು ಆತನಿಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ಲಾರಿಯ ಚಾಲಕನು ಸಕಾಲದಲ್ಲಿ ಬ್ರೇಕು ಹಾಕಿದ್ದರಿಂದ ಪ್ರಾಣಾಪಾಯವು ತಪ್ಪಿತು. ಆ ಚಾಲಕನೇ ಕೆಳಗಿಳಿದು ಬಂದು ಹುಡುಗನನ್ನು ಎತ್ತಿ ಕೂಡಿಸಿ, ಕುಡಿಯಲು ನೀರು ಕೊಟ್ಟು ಸಂತೈಸಿದನು.

ಮರುದಿನ ತರಗತಿಯಲ್ಲಿ ಇದೇ ಮಾತು. ಮರಾಠಿ ನೆರೆಹೊರೆಯವರು 'ಖಡ್ಡಾ' ಎಂದು ಕರೆಯುವ ಆ ಗುಂಡಿಯನ್ನು ತೋಡಿದವರು ಯಾರು? ಮಳೆಯೇ ತೋಡಿತು ಎಂದು ಕೆಲವರು ವಾದಿಸಿದರು. ರಸ್ತೆ ಕಟ್ಟಿದವರ ತಪ್ಪು ಎಂದು ಮತ್ತೆ ಕೆಲವರು. ಲಾರಿಗಳೇ ಕಾರಣ, ಅವುಗಳನ್ನು ಊರೊಳಗೆ ಬಿಡಲೇಬಾರದು ಎಂದು ಇನ್ನುಳಿದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನೀವು ಕೇಳಿರುವಿರಿ. ರೋಗದ ಮೂಲವನ್ನು ಅರಿಯದೆ ಬರೆ ಹಾಕುವುದು ನ್ಯಾಯವಲ್ಲ. ಆದುದರಿಂದ ರಸ್ತೆಯು ಹೇಗೆ ಕೆಡುತ್ತದೆ, ಅದರಲ್ಲಿ ಲಾರಿಯ ಪಾಲೆಷ್ಟು, ಮುಖ್ಯವಾಗಿ ಲಾರಿಯ ಕೆಳಗೆ ಅಡಗಿರುವ ಕಮಾನುಗಳ ಪಾಲೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಈ ವಿಚಾರಕ್ಕೆ ನಮ್ಮ ನಾಗಪುರಕ್ಕಿಂತ ತಕ್ಕ ಊರು ಸಿಕ್ಕುವುದು ಕಷ್ಟ. ಭಾರತದ ಮಧ್ಯಬಿಂದು ಎಂದು ಜನರ ಬಾಯಲ್ಲಿ ಹೆಸರಾದ ಝೀರೋ ಮೈಲ್ ಕಲ್ಲುಕಂಬವನ್ನು ನೀವೆಲ್ಲರೂ ನೋಡಿದ್ದೀರಿ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯೂ, ಸೂರತ್ತಿನ ಕಡೆಯಿಂದ ಅಮರಾವತಿ, ರಾಯಪುರಗಳ ಮೂಲಕ ಒಡಿಶಾಕ್ಕೆ ಹೋಗುವ 53ನೆಯ ಹೆದ್ದಾರಿಯೂ ನಮ್ಮ ಊರಿನಲ್ಲಿಯೇ ಸಂಧಿಸುತ್ತವೆ. ಈ 44ನೆಯ ಹೆದ್ದಾರಿಯನ್ನೇ ಹಿಡಿದು ದಕ್ಷಿಣಕ್ಕೆ ನಡೆದರೆ ಹೈದರಾಬಾದು, ಕರ್ನೂಲು, ಅನಂತಪುರಗಳನ್ನು ದಾಟಿ ನೇರವಾಗಿ ಬೆಂಗಳೂರನ್ನೇ ಸೇರುತ್ತೇವೆ. ರಜೆಯಲ್ಲಿ ಅಜ್ಜ ಅಜ್ಜಿಯರ ಊರಿಗೆ ಹೋಗುವ ನಮ್ಮ ಎಷ್ಟೋ ಮನೆಗಳವರಿಗೆ ಇದು ಪರಿಚಿತವಾದ ಹಾದಿ.

ರಸ್ತೆಯ ಇತಿಹಾಸದಲ್ಲಿಯೂ ನಮ್ಮ ಊರಿಗೆ ಒಂದು ಸ್ಥಾನವಿದೆ. 1943ರ ಡಿಸೆಂಬರಿನಲ್ಲಿ ದೇಶದ ಪ್ರಾಂತಗಳ ಮತ್ತು ಸಂಸ್ಥಾನಗಳ ಮುಖ್ಯ ಇಂಜಿನಿಯರರು ಇಲ್ಲಿ ಸೇರಿ, ಭಾರತದ ಎಲ್ಲ ರಸ್ತೆಗಳಿಗೂ ಅನ್ವಯಿಸುವ ಮೊದಲನೆಯ ಇಪ್ಪತ್ತು ವರ್ಷಗಳ ಯೋಜನೆಯನ್ನು ರೂಪಿಸಿದರು. ಅದಕ್ಕೆ 'ನಾಗಪುರ ಯೋಜನೆ' ಎಂದೇ ಹೆಸರು. ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿಯ ರಸ್ತೆ ಎಂದು ವಿಂಗಡಿಸಿದ್ದೂ, ಪ್ರತಿ 100 ಚದರ ಕಿಲೋಮೀಟರು ನೆಲಕ್ಕೆ 16 ಕಿಲೋಮೀಟರು ರಸ್ತೆ ಇರಬೇಕೆಂಬ ಗುರಿಯನ್ನಿಟ್ಟದ್ದೂ ಆ ಸಭೆಯೇ. ಅಂದು ಹಾದಿಗಳ ಮೇಲೆ ಎತ್ತಿನ ಗಾಡಿಗಳೇ ಹೆಚ್ಚಾಗಿದ್ದುವು. ಇಂದು ಉಮರೇಡದ ಗಣಿಯ ಕಲ್ಲಿದ್ದಲು, ಕಳಮನಾ ಪೇಟೆಯ ಕಿತ್ತಳೆ ಮತ್ತು ಧಾನ್ಯ, ವಾಡಿಯ ಉಗ್ರಾಣಗಳ ಸರಕು, ಸಿಮೆಂಟು, ಕಬ್ಬಿಣ ಎಲ್ಲವನ್ನೂ ಹೊತ್ತ ಲಾರಿಗಳು ಹಗಲಿರುಳು ಸಾಲುಗಟ್ಟಿ ಹೋಗುತ್ತವೆ. ಈ ಲಾರಿಗಳಿಲ್ಲದೆ ನಮ್ಮ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ, ದೀಪವೂ ಉರಿಯುವುದಿಲ್ಲ. ಅವನ್ನು ಹೊರಗಿಡುವ ಮಾತು ಆದುದರಿಂದ ನಡೆಯುವಂತಹುದಲ್ಲ.

ಈಗ ರಸ್ತೆಯ ರಚನೆಯನ್ನು ನೋಡೋಣ. ಮೇಲೆ ಕಾಣುವ ಕಪ್ಪು ಡಾಂಬರಿನ ಹಾಸು ರಸ್ತೆಯ ಚರ್ಮ ಮಾತ್ರ. ಅದರ ಕೆಳಗೆ ಜಲ್ಲಿಯ ಪದರ, ಅದರ ಕೆಳಗೆ ಗರಸಿನ ಪದರ, ಎಲ್ಲಕ್ಕೂ ಕೆಳಗೆ ಅದುಮಿ ಗಟ್ಟಿಮಾಡಿದ ನೆಲ. ಗಾಲಿಯ ಭಾರವು ಮೇಲೆ ಅಂಗೈಯಗಲದ ಜಾಗದಲ್ಲಿ ಬೀಳುತ್ತದೆ. ಪದರದಿಂದ ಪದರಕ್ಕೆ ಇಳಿಯುವಾಗ ಅದು ಹರಡಿ ಹರಡಿ, ನೆಲವನ್ನು ಮುಟ್ಟುವ ಹೊತ್ತಿಗೆ ಮೆತ್ತಗಾಗುತ್ತದೆ. ಮದುವೆಯ ಮನೆಯಲ್ಲಿ ಒಂದು ದೊಡ್ಡ ಹಂಡೆಯನ್ನು ನಾಲ್ಕು ಜನರು ಹಿಡಿದರೆ ಯಾರಿಗೂ ಭಾರವಾಗದಂತೆಯೇ ಇದು.

ಆದರೆ ನಮ್ಮ ಭಾಗದ ನೆಲವು ಸಾಧಾರಣವಾದುದಲ್ಲ. ನಾಗಪುರದ ಸುತ್ತ ಬಹುಭಾಗ ಕಪ್ಪು ಎರೆಮಣ್ಣು. ನವಲಗುಂದ, ನರಗುಂದ, ರೋಣಗಳ ಕಡೆಯಿಂದ ಬಂದ ಮನೆಗಳವರಿಗೆ ಈ ಮಣ್ಣಿನ ಗುಣವನ್ನು ಬೇರೆ ಹೇಳಬೇಕಾಗಿಲ್ಲ. ಹತ್ತಿಗೂ ಜೋಳಕ್ಕೂ ಇದು ತಾಯಿ. ರಸ್ತೆಗಾದರೋ ಬಹಳ ತೊಂದರೆ ಕೊಡುವ ಮಣ್ಣು. ನೀರು ಕುಡಿದರೆ ಉಬ್ಬಿ ಬೆಣ್ಣೆಯಂತಾಗುವುದು. ಬೇಸಗೆಯಲ್ಲಿ ಒಣಗಿ ಕಾಲು ತೂರುವಷ್ಟು ಅಗಲಕ್ಕೆ ಬಿರಿಯುವುದು. ವರುಷ ವರುಷವೂ ಕೆಳಗಿನ ನೆಲವೇ ಹೀಗೆ ಏರಿ ಇಳಿಯುತ್ತಿದ್ದರೆ ಮೇಲಿನ ಹಾಸು ಸಮನಾಗಿ ಉಳಿಯುವುದು ಹೇಗೆ? ಆದುದರಿಂದಲೇ ಇಂಜಿನಿಯರರು ಎರೆಮಣ್ಣನ್ನು ತೆಗೆದು ಗರಸು ತುಂಬುವರು, ಅಥವಾ ಅದಕ್ಕೆ ಸುಣ್ಣ ಬೆರಸಿ ಅದರ ಉಬ್ಬುವ ಗುಣವನ್ನು ತಗ್ಗಿಸುವರು. ರಸ್ತೆಯ ಎರಡು ಬದಿಗಳಲ್ಲಿ ಚರಂಡಿ ತೋಡುವುದೂ ನೀರು ಒಳಗಿಳಿಯದಿರಲೆಂದೇ.

ಲಾರಿಯ ಗಾಲಿಯು ಹಾದುಹೋದಾಗಲೆಲ್ಲ ರಸ್ತೆಯು ಕೂದಲೆಳೆಯಷ್ಟು ಬಾಗಿ ಮತ್ತೆ ಮೇಲಕ್ಕೇಳುತ್ತದೆ. ಕಣ್ಣಿಗೆ ಇದು ಕಾಣದು. ತಂತಿಯ ತುಂಡೊಂದನ್ನು ಹಿಡಿದು ಒಂದು ಸಲ ಬಗ್ಗಿಸಿದರೆ ಅದು ಮುರಿಯುವುದಿಲ್ಲ. ಅಲ್ಲಿಯೇ ಮತ್ತೆ ಮತ್ತೆ ಬಗ್ಗಿಸುತ್ತಿದ್ದರೆ ಕೊನೆಗೆ ಪಟ್ಟನೆ ಮುರಿಯುತ್ತದೆ. ಡಾಂಬರಿನ ಹಾಸಿಗೂ ಅದೇ ಗತಿ. ಲಕ್ಷಾಂತರ ಸಲ ಬಾಗಿ ದಣಿದ ಹಾಸಿನಲ್ಲಿ ಮೊದಲು ಕೂದಲಿನಂತಹ ಬಿರುಕು ಕಾಣಿಸಿಕೊಳ್ಳುತ್ತದೆ. ಆಮೇಲೆ ಬಿರುಕುಗಳು ಮೊಸಳೆಯ ಬೆನ್ನಿನಂತೆ ಹೆಣೆದುಕೊಳ್ಳುತ್ತವೆ. ಆ ಬಿರುಕಿನಲ್ಲಿ ಮಳೆಯ ನೀರು ಇಳಿದು ಕೆಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮುಂದಿನ ಗಾಲಿ ಬಂದಾಗ ತುಂಡು ಕಿತ್ತು ಹಾರುತ್ತದೆ. ಅದೇ ಗುಂಡಿ. ಇಷ್ಟರಿಂದಲೇ ನಮ್ಮ ತರಗತಿಯ ವಾದಕ್ಕೆ ಅರ್ಧ ಉತ್ತರ ದೊರೆಯಿತು. ಗುಂಡಿಯನ್ನು ಮಳೆಯೊಂದೇ ತೋಡಲಿಲ್ಲ. ಭಾರವು ಬಾಗಿಲು ತೆರೆಯಿತು, ನೀರು ಒಳಹೊಕ್ಕಿತು.

ಹಾಗಾದರೆ ಯಾವ ಭಾರ ಎಷ್ಟು ಕೆಡಿಸುತ್ತದೆ? ಇದನ್ನು ಅರಿಯಲು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ ಪರೀಕ್ಷೆಗಾಗಿಯೇ ಬಗೆಬಗೆಯ ದಪ್ಪದ ರಸ್ತೆಗಳನ್ನು ಕಟ್ಟಿದರು. 1958ರ ಅಕ್ಟೋಬರಿನಿಂದ 1960ರ ನವೆಂಬರಿನವರೆಗೆ ಸೈನಿಕರು ಆ ರಸ್ತೆಗಳ ಮೇಲೆ ಲಾರಿಗಳನ್ನು ಸುತ್ತು ಸುತ್ತಾಗಿ ಓಡಿಸಿದರು. ಸುಮಾರು 11 ಲಕ್ಷ ಸಲ ಅಚ್ಚಿನ ಭಾರವು ರಸ್ತೆಯ ಮೇಲೆ ಹಾದುಹೋಯಿತು. ಗಾಡಿಯ ಎರಡು ಕಡೆಯ ಗಾಲಿಗಳನ್ನು ಕೂಡಿಸುವ ಅಡ್ಡದಂಡಕ್ಕೆ ಅಚ್ಚು ಎನ್ನುವೆವಷ್ಟೆ. ಆ ಪರೀಕ್ಷೆಯಿಂದ ಹೊರಬಂದ ತತ್ತ್ವವು ಹೀಗಿದೆ: ರಸ್ತೆಗೆ ಆಗುವ ಹಾನಿಯು ಸುಮಾರಾಗಿ ಅಚ್ಚಿನ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ನಮ್ಮ ದೇಶದ ರಸ್ತೆ ಇಂಜಿನಿಯರರ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಗಳಲ್ಲಿಯೂ ಇದನ್ನೇ ಬಳಸುತ್ತಾರೆ.

ಗಣಿತದ ಪಾಠವನ್ನು ಇಲ್ಲಿ ನೆನೆಯಿರಿ. ಭಾರವು ಇಮ್ಮಡಿಯಾದರೆ ಹಾನಿಯು ಇಮ್ಮಡಿಯಲ್ಲ. 2 × 2 × 2 × 2, ಎಂದರೆ 16 ಪಟ್ಟು. ಭಾರವು ಒಂದೂವರೆ ಪಟ್ಟಾದರೆ ಹಾನಿಯು ಐದು ಪಟ್ಟು. ಚಿಕ್ಕ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ನು, ಲಾರಿಯ ಹಿಂದಿನ ಅಚ್ಚಿನ ಮೇಲೆ 10 ಟನ್ನು ಎಂದು ಹಿಡಿದರೆ ಭಾರವು 20 ಪಟ್ಟು ಮಾತ್ರ ಹೆಚ್ಚು. 20ರ ನಾಲ್ಕನೆಯ ಘಾತವೆಷ್ಟು? 1,60,000. ಇಷ್ಟು ದೂರದ ಹೋಲಿಕೆಗೆ ಈ ಲೆಕ್ಕವು ಅಂದಾಜು ಮಾತ್ರವಾದರೂ, ರಸ್ತೆಯ ಆಯುಷ್ಯವು ಯಾರ ಕೈಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿಮ್ಮ ಸೈಕಲ್ಲು ರಸ್ತೆಗೆ ಮಾಡುವ ಹಾನಿ ಲೆಕ್ಕಕ್ಕೇ ಸಿಕ್ಕುವುದಿಲ್ಲ. ಆದರೂ ಗುಂಡಿಯಲ್ಲಿ ಬೀಳುವವನು ಸೈಕಲ್ಲಿನವನೇ!

ನಮ್ಮ ದೇಶದಲ್ಲಿ ನಾಲ್ಕು ಟೈರುಗಳ ಒಂಟಿ ಅಚ್ಚಿನ ಮೇಲೆ 10.2 ಟನ್ನಿಗಿಂತ ಹೆಚ್ಚು ಭಾರ ಇರಕೂಡದೆಂದು ಬಹುಕಾಲ ನಿಯಮವಿತ್ತು. 2018ರ ಜುಲೈಯಲ್ಲಿ ಅದನ್ನು 11.5 ಟನ್ನಿಗೆ ಏರಿಸಿದರು. ಏರಿಕೆಯು ನೂರಕ್ಕೆ 13ಕ್ಕಿಂತ ತುಸು ಕಡಿಮೆ. ನಾಲ್ಕನೆಯ ಘಾತದ ಲೆಕ್ಕದಲ್ಲಿ ಮಾತ್ರ ಪ್ರತಿಯೊಂದು ಅಚ್ಚಿನ ಹಾನಿಯು ಸುಮಾರು 1.6 ಪಟ್ಟಾಗುತ್ತದೆ. ಸರಕು ಸಾಗಿಸುವ ಖರ್ಚು ಇದರಿಂದ ಇಳಿಯುವುದು ನಿಜ. ಹಾಗೆಯೇ ರಸ್ತೆಗಳು ಇನ್ನೂ ದಪ್ಪವಾಗಿರಬೇಕಾಗುವುದೂ ನಿಜ. ಮಿತಿಗಿಂತ ಹೆಚ್ಚು ಭಾರ ಹೇರುವವರಿಗೆ 2019ರಿಂದ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ವಿಧಿಸಲು ಕಾಯಿದೆಯಿದೆ.

ಇದುವರೆಗೆ ನಾವು ಹೇಳಿದ್ದು ನಿಂತ ಭಾರದ ಮಾತು. ತೂಕದ ಕಟ್ಟೆಯ ಮೇಲೆ ಲಾರಿಯನ್ನು ನಿಲ್ಲಿಸಿ ತೂಗಿದಾಗ ಕಾಣುವ ಭಾರ. ಓಡುವ ಲಾರಿಯ ಭಾರವು ನಿಂತ ಲಾರಿಯ ಭಾರದಂತಲ್ಲ. ಶಾಲೆಯ ತೂಕದ ಯಂತ್ರದ ಮೇಲೆ ಸುಮ್ಮನೆ ನಿಂತು ನೋಡಿರಿ; ಬಳಿಕ ಮೊಣಕಾಲು ಬಗ್ಗಿಸಿ ಏಳುತ್ತ ಕೂಡುತ್ತ ನೋಡಿರಿ. ನಿಮ್ಮ ತೂಕವೇನೂ ಬದಲಾಗದಿದ್ದರೂ ಮುಳ್ಳು ಹಿಂದೆ ಮುಂದೆ ಓಡಾಡುತ್ತದೆ. ರಸ್ತೆಯ ಮೇಲೆ ಕುಣಿಯುತ್ತ ಹೋಗುವ ಲಾರಿಯೂ ಹೀಗೆಯೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಒತ್ತುತ್ತದೆ. ಈ ಕುಣಿತವನ್ನು ಅಂಕೆಯಲ್ಲಿಡುವ ಸಾಧನವೇ ಕಮಾನು.

ಎತ್ತಿನ ಬಂಡಿಗೆ ಕಮಾನಿರಲಿಲ್ಲ. ಗಾಲಿಯು ಕಲ್ಲಿನ ಮೇಲೆ ಹತ್ತಿದರೆ ಇಡೀ ಬಂಡಿಯೇ ಎಗರಿ ಬೀಳುತ್ತಿತ್ತು. ಅದರ ವೇಗ ಕಡಿಮೆಯಾದುದರಿಂದ ಕೆಟ್ಟದ್ದು ಕಡಿಮೆ. ಟಾಂಗಾಗಳಿಗೆ ಉಕ್ಕಿನ ಪಟ್ಟಿಗಳ ಕಮಾನು ಬಂದಿತು. ಇಂದಿನ ಲಾರಿಗಳಲ್ಲಿ ಹೆಚ್ಚಿನವುಗಳಿಗೂ ಅದೇ ಬಗೆಯ ಕಮಾನು. ಉದ್ದುದ್ದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದರಂತೆ ಅಡಕಿ, ನಡುವೆ ಬಿಗಿದು, ಬಿಲ್ಲಿನಂತೆ ಬಗ್ಗಿಸಿ, ಅಚ್ಚಿಗೂ ಚೌಕಟ್ಟಿಗೂ ನಡುವೆ ಕೂಡಿಸಿರುತ್ತಾರೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದನ್ನು 'ಪಾಟಾ' ಎನ್ನುವರು. ಗಾಲಿಯು ಗುಂಡಿಗಿಳಿದಾಗ ಕಮಾನು ಬಿಚ್ಚಿಕೊಳ್ಳುತ್ತದೆ, ದಿಬ್ಬವೇರಿದಾಗ ಅಮುಕಿಕೊಳ್ಳುತ್ತದೆ. ಹೀಗಾಗಿ ಗಾಲಿಯು ಏರಿಳಿದರೂ ಮೇಲಿನ ಸರಕಿಗೆ ಪೆಟ್ಟು ಕಡಿಮೆಯಾಗುವುದು.

ಆದರೆ ಕಮಾನಿಗೆ ಒಂದು ಸ್ವಭಾವವುಂಟು. ಒಮ್ಮೆ ಅಲುಗಿದರೆ ತೂಗುತ್ತಲೇ ಇರುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಕಲ್ಲನ್ನು ರಬ್ಬರು ದಾರಕ್ಕೆ ಕಟ್ಟಿ ತೂಗುಹಾಕಿ, ಸ್ವಲ್ಪ ಕೆಳಗೆಳೆದು ಬಿಡಿರಿ. ಕಲ್ಲು ಎಷ್ಟೋ ಹೊತ್ತು ಮೇಲೆ ಕೆಳಗೆ ಆಡುವುದು. ಈಗ ಅದೇ ಕಲ್ಲು ಬಕೆಟ್ಟಿನ ನೀರಿನಲ್ಲಿ ಮುಳುಗಿರುವಂತೆ ಹಿಡಿದು ಮತ್ತೆ ಎಳೆದು ಬಿಡಿರಿ. ಬಹು ಬೇಗನೆ ನಿಂತುಹೋಗುವುದು. ನೀರಿನ ತಡೆಯು ಆಟವನ್ನು ನುಂಗಿತು. ಲಾರಿಯಲ್ಲಿ ಈ ನೀರಿನ ಕೆಲಸವನ್ನು ಮಾಡತಕ್ಕ ಉಪಕರಣಕ್ಕೆ ಷಾಕ್ ಅಬ್ಸಾರ್ಬರ್ ಎಂದು ಹೆಸರು. ಅದರ ಕೊಳವೆಯೊಳಗೆ ಎಣ್ಣೆಯು ಸಣ್ಣ ರಂಧ್ರದ ಮೂಲಕ ಒತ್ತಿಕೊಂಡು ಹೋಗಬೇಕಾಗುವುದರಿಂದ ಕುಣಿತದ ಶಕ್ತಿಯು ಶಾಖವಾಗಿ ಕಳೆದುಹೋಗುತ್ತದೆ.

ಭಾರ ಹೊತ್ತ, ಬಿಗಿಯಾದ ಉಕ್ಕಿನ ಕಮಾನಿನ ಲಾರಿಯೊಂದು ಸೆಕೆಂಡಿಗೆ ಸುಮಾರು 3 ಸಲ ಕುಣಿಯುತ್ತದೆ ಎಂದು ಇಟ್ಟುಕೊಳ್ಳೋಣ. ಅದು ಗಂಟೆಗೆ 54 ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ 15 ಮೀಟರು ದೂರ ಹೋಗುತ್ತಿದೆ. ಹಾಗಾದರೆ ರಸ್ತೆಯ ಒಂದು ದಿಬ್ಬದ ಮೇಲೆ ಎಗರಿದ ಆ ಲಾರಿಯು ಪ್ರತಿ 5 ಮೀಟರಿಗೆ ಒಂದು ಸಲ ರಸ್ತೆಯನ್ನು ಜೋರಾಗಿ ಗುದ್ದುತ್ತದೆ. ಎರಡು ಗುದ್ದುಗಳ ನಡುವೆ ಹಗುರಾಗಿ ತೇಲುತ್ತದೆ. ಅಚ್ಚಿನ ಭಾರವು 10 ಟನ್ನೆಂದೂ, ಕುಣಿತದಿಂದ ಅದು ಒಮ್ಮೆ 13 ಟನ್ನು, ಒಮ್ಮೆ 7 ಟನ್ನು ಆಗುವುದೆಂದೂ ಹಿಡಿಯಿರಿ. ಸರಾಸರಿಯು 10 ಟನ್ನೇ ಆಗಿ ಉಳಿಯಿತು. ಹಾನಿಯೂ ಅಷ್ಟೇ ಉಳಿಯಿತೇ? ಇಲ್ಲ. 1.3ರ ನಾಲ್ಕನೆಯ ಘಾತವು ಸುಮಾರು 2.86. 0.7ರ ನಾಲ್ಕನೆಯ ಘಾತವು 0.24. ಎರಡನ್ನೂ ಕೂಡಿಸಿ ಅರ್ಧಮಾಡಿದರೆ 1.55. ಹಗುರಾದಾಗ ಉಳಿಸಿದ್ದಕ್ಕಿಂತ ಗುದ್ದಿದಾಗ ಕೆಡಿಸಿದ್ದೇ ಬಹಳ ಹೆಚ್ಚು. ಇನ್ನು ಕುಣಿತವನ್ನು ಚೆನ್ನಾಗಿ ಅಡಗಿಸಿ ಭಾರವು 11 ಟನ್ನಿಗೂ 9 ಟನ್ನಿಗೂ ನಡುವೆ ಮಾತ್ರ ತೂಗುವಂತೆ ಮಾಡಿದರೆ? ಅದೇ ಲೆಕ್ಕವು 1.06 ಎಂಬ ಉತ್ತರವನ್ನು ಕೊಡುತ್ತದೆ. ಸರಕು ಅದೇ, ರಸ್ತೆ ಅದೇ, ಲಾರಿಯ ತೂಕವೂ ಅದೇ. ಬದಲಾದದ್ದು ಕಮಾನೊಂದೇ. ಒಂದರಲ್ಲಿ ರಸ್ತೆಯು ನೂರಕ್ಕೆ 55ರಷ್ಟು ಹೆಚ್ಚು ಸವೆಯಿತು, ಇನ್ನೊಂದರಲ್ಲಿ ನೂರಕ್ಕೆ 6ರಷ್ಟು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಗುದ್ದುಗಳು ರಸ್ತೆಯ ತುಂಬ ಸಮನಾಗಿ ಹಂಚಿಹೋಗುವುದಿಲ್ಲ. ಒಂದೇ ಬಗೆಯ ಲಾರಿಗಳು, ಸುಮಾರಾಗಿ ಒಂದೇ ಭಾರ ಹೊತ್ತು, ಒಂದೇ ವೇಗದಲ್ಲಿ ಬಂದು, ಒಂದೇ ದಿಬ್ಬವನ್ನು ಹಾಯುವುದರಿಂದ ಹೆಚ್ಚುಕಡಿಮೆ ಒಂದೇ ಕಡೆ ಗುದ್ದುತ್ತವೆ. ಆ ಜಾಗವು ತನ್ನ ಪಾಲಿಗೆ ಯಾವಾಗಲೂ 13 ಟನ್ನಿನ ಲಾರಿಗಳನ್ನೇ ಕಾಣುತ್ತದೆ. ಅಲ್ಲಿಯ ಹಾನಿಯು 1.55 ಅಲ್ಲ, 2.86. ಮೊದಲು ಬಿರುಕು ಬಿಡುವುದೂ ಗುಂಡಿ ಬೀಳುವುದೂ ಅಂತಹ ಜಾಗಗಳೇ. ಹೊಸ ಗುಂಡಿಯು ಮುಂದಿನ ಲಾರಿಗೆ ಹೊಸ ಕುಣಿತವನ್ನು ಕಲಿಸುತ್ತದೆ, ಆ ಕುಣಿತವು ಮುಂದೆ ಇನ್ನೊಂದು ಗುಂಡಿಯನ್ನು ತೋಡುತ್ತದೆ. ಕೆಟ್ಟ ರಸ್ತೆಯು ಲಾರಿಯನ್ನು ಕುಣಿಸುವುದು, ಕುಣಿಯುವ ಲಾರಿಯು ರಸ್ತೆಯನ್ನು ಕೆಡಿಸುವುದು. ಈ ಚಕ್ರವನ್ನು ಎಲ್ಲಿಯಾದರೂ ಕಡಿಯದಿದ್ದರೆ ಅದು ತಾನಾಗಿ ನಿಲ್ಲದು.

ಉಕ್ಕಿನ ಪಟ್ಟಿಗಳ ಕಮಾನಿನಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ, ವಿಶೇಷವಾಗಿ ಗ್ರೀಸು ಒಣಗಿ ತುಕ್ಕು ಹಿಡಿದಾಗ, ಸಣ್ಣ ಪೆಟ್ಟುಗಳಿಗೆ ಕಮಾನು ಅಲುಗುವುದೇ ಇಲ್ಲ. ಆಗ ಇಡೀ ಲಾರಿಯು ಟೈರುಗಳ ಮೇಲೆಯೇ ಚೆಂಡಿನಂತೆ ಪುಟಿಯುತ್ತದೆ. ಎರಡನೆಯದಾಗಿ, ಹೆಚ್ಚು ಸರಕು ಹೇರಬೇಕೆಂಬ ಆಸೆಯಿಂದ ಕೆಲವರು ಮೇಲೆ ಮೇಲೆ ಪಟ್ಟಿಗಳನ್ನು ಸೇರಿಸಿ ಬಿಗಿಯುವರು. ಕಮಾನು ಮುರಿಯದು, ನಿಜ. ಆದರೆ ಬಿಗಿಯಾದಷ್ಟೂ ಅದು ಕಮಾನಿನ ಗುಣವನ್ನು ಕಳೆದುಕೊಂಡು ಮರದ ದಿಮ್ಮಿಯಂತಾಗುವುದು. ಹೆಚ್ಚಿನ ಭಾರ, ಬಿಗಿಯಾದ ಕಮಾನು ಎರಡೂ ಕೂಡಿದರೆ ರಸ್ತೆಯ ಮೇಲೆ ಬೀಳುವ ಗುದ್ದಿಗೆ ಕೇಳುವುದೇನು!

ಇದಕ್ಕೆ ಪ್ರತಿಯಾಗಿ ಗಾಳಿಯ ಕಮಾನು ಬಂದಿದೆ. ಉಕ್ಕಿನ ಪಟ್ಟಿಗಳ ಬದಲು ದಪ್ಪ ರಬ್ಬರಿನ ಚೀಲದಲ್ಲಿ ಒತ್ತಿ ತುಂಬಿದ ಗಾಳಿಯು ಭಾರವನ್ನು ಹೊರುತ್ತದೆ. ಸರಕು ಹೆಚ್ಚಾದರೆ ಒಂದು ಕವಾಟವು ತಾನಾಗಿಯೇ ಹೆಚ್ಚು ಗಾಳಿಯನ್ನು ಒಳಬಿಡುವುದು, ಸರಕು ಇಳಿದರೆ ಗಾಳಿಯನ್ನು ಹೊರಬಿಡುವುದು. 2001ರ ಸುಮಾರಿನಿಂದ ಬೆಂಗಳೂರಿನ ಹಾದಿಗಳಲ್ಲಿ ಓಡತೊಡಗಿದ ವೋಲ್ವೋ ಬಸ್ಸುಗಳಲ್ಲಿ ಕುಳಿತವರಿಗೆ ಇದರ ಸುಖ ಗೊತ್ತಿದೆ. ಇಂತಹ ಗಾಡಿಯು ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮಾತ್ರ, ಮೆಲ್ಲಗೆ ತೂಗುತ್ತದೆ. ಪ್ರಯಾಣಿಕನ ಬೆನ್ನಿಗೆ ಹಿತವಾದದ್ದು ರಸ್ತೆಯ ಬೆನ್ನಿಗೂ ಹಿತವೇ.

ಯೂರೋಪಿನ ರಾಷ್ಟ್ರಗಳು 1992ರಲ್ಲಿ ಇದನ್ನು ಕಾಯಿದೆಗೇ ತಂದುವು. ಲಾರಿಯ ಜೋಡಿ ಅಚ್ಚುಗಳಿಗೆ ಸಾಮಾನ್ಯವಾಗಿ 18 ಟನ್ನಿನ ಮಿತಿ. ಎಳೆಯುವ ಅಚ್ಚಿಗೆ ಜೋಡಿ ಟೈರುಗಳೂ, ಗಾಳಿಯ ಕಮಾನು ಅಥವಾ ಅದಕ್ಕೆ ಸಮನಾದುದೂ ಇದ್ದರೆ 19 ಟನ್ನು. ಸಮನಾದುದೆಂದರೆ ಯಾವುದು ಎಂಬುದಕ್ಕೂ ಒರೆಗಲ್ಲನ್ನಿಟ್ಟರು: ಲಾರಿಯು ಸೆಕೆಂಡಿಗೆ 2 ಸಲಕ್ಕಿಂತ ಹೆಚ್ಚು ಕುಣಿಯಬಾರದು, ಕುಣಿತವು ನಿಗದಿಯಾದಷ್ಟು ಬೇಗ ಅಡಗಬೇಕು. ರಸ್ತೆಯನ್ನು ಕಾಯುವ ಕಮಾನು ಹಾಕಿಸಿದವನಿಗೆ ಒಂದು ಟನ್ನಿನ ಬಹುಮಾನ ಕೊಟ್ಟಂತಾಯಿತು. ಬಳಿಕ ಹಲವು ದೇಶಗಳು ಕೂಡಿ ನಡೆಸಿ 1998ರಲ್ಲಿ ವರದಿ ಮಾಡಿದ ಸಂಶೋಧನೆಯಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ದುಂಡು ಪರೀಕ್ಷಾಪಥದ ಮೇಲೆ ಉಕ್ಕಿನ ಕಮಾನಿನ ಗಾಲಿಯನ್ನೂ ಗಾಳಿಯ ಕಮಾನಿನ ಗಾಲಿಯನ್ನೂ ಅಕ್ಕಪಕ್ಕದ ಎರಡು ಜಾಡುಗಳಲ್ಲಿ ಸುತ್ತಿಸಿದರು. ಉಕ್ಕಿನ ಕಮಾನಿನ ಜಾಡಿನಲ್ಲಿಯೇ ಏರುತಗ್ಗುಗಳು ಬೇಗ ಬೆಳೆದುವು. ಗುದ್ದುಗಳು ಒಂದೇ ಜಾಗದಲ್ಲಿ ಕೂಡಿಬೀಳುತ್ತವೆ ಎಂಬುದೂ ಆ ಸಂಶೋಧನೆಯಲ್ಲಿ ಕಂಡುಬಂದಿತು.

ಹಾಗೆಂದು ಗಾಳಿಯ ಕಮಾನು ಹಾಕಿದರೆ ಸಾಕು, ಎಲ್ಲವೂ ಸರಿಯಾಯಿತು ಎಂದು ಬಗೆಯಬಾರದು. ಗಾಳಿಯ ಚೀಲದಲ್ಲಿ ಪಟ್ಟಿಗಳ ಉಜ್ಜಾಟವಿಲ್ಲ. ಆದುದರಿಂದ ಕುಣಿತವನ್ನು ಅಡಗಿಸುವ ಭಾರವೆಲ್ಲ ಷಾಕ್ ಅಬ್ಸಾರ್ಬರಿನ ಮೇಲೆಯೇ ಬೀಳುತ್ತದೆ. ಅದರ ಎಣ್ಣೆ ಸೋರಿಹೋದರೆ ಗಾಳಿಯ ಕಮಾನಿನ ಲಾರಿಯು ನೀರಿಲ್ಲದ ಬಕೆಟ್ಟಿನ ಕಲ್ಲಿನಂತೆ ತೂಗುತ್ತಲೇ ಇರುವುದು. ಕೆಟ್ಟ ಗಾಳಿಯ ಕಮಾನಿಗಿಂತ ಒಳ್ಳೆಯ ಉಕ್ಕಿನ ಕಮಾನೇ ಮೇಲು. ಸಾಧನಕ್ಕಿಂತ ಸಾಧನದ ಜೋಪಾನವು ದೊಡ್ಡದೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ನಗರದ ಅನೇಕ ರಸ್ತೆಗಳು ಈಗ ಸಿಮೆಂಟು ಕಾಂಕ್ರೀಟಿನವಾಗಿವೆ. ಇವು ಡಾಂಬರಿನಂತೆ ವೈಶಾಖದ ಬಿಸಿಲಿಗೆ ಮೆತ್ತಗಾಗುವುದಿಲ್ಲ, ಗಾಲಿಯ ಜಾಡು ಬೀಳುವುದಿಲ್ಲ. ಹಾಗಾದರೆ ಕುಣಿತದ ಭಯವಿಲ್ಲವೇ? ಇದೆ, ಬೇರೆ ರೂಪದಲ್ಲಿ. ಕಾಂಕ್ರೀಟು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಅದನ್ನು ಸಾಮಾನ್ಯವಾಗಿ ಸುಮಾರು 4.5 ಮೀಟರಿಗೊಂದು ಸಂದು ಕೊಯ್ದು ಹಲಗೆಗಳಾಗಿ ವಿಂಗಡಿಸಿರುತ್ತಾರೆ. ಸಂದಿನ ಮೇಣ ಕಿತ್ತುಹೋದರೆ ನೀರು ಕೆಳಗಿಳಿಯುತ್ತದೆ. ಭಾರವಾದ ಗಾಲಿಯು ಹಲಗೆಯ ಅಂಚನ್ನು ಒತ್ತಿದಾಗ ಆ ನೀರು ಕೆಸರಿನೊಡನೆ ಮೇಲಕ್ಕೆ ಚಿಮ್ಮುತ್ತದೆ. ಹಲಗೆಯ ಕೆಳಗೆ ಟೊಳ್ಳು ಬೀಳುತ್ತದೆ. ಕ್ರಮೇಣ ಒಂದು ಹಲಗೆಯು ತಗ್ಗಿ, ಇನ್ನೊಂದು ಉಳಿದು, ಸಂದಿನಲ್ಲಿ ಮೆಟ್ಟಿಲು ಮೂಡುತ್ತದೆ. ಪ್ರತಿ 4.5 ಮೀಟರಿಗೊಂದು ಮೆಟ್ಟಿಲು, ಸೆಕೆಂಡಿಗೆ 3 ಸಲ ಕುಣಿಯುವ ಲಾರಿ. 4.5ನ್ನು 3ರಿಂದ ಗುಣಿಸಿದರೆ ಸೆಕೆಂಡಿಗೆ 13.5 ಮೀಟರು, ಗಂಟೆಗೆ ಸುಮಾರು 49 ಕಿಲೋಮೀಟರು. ಲಾರಿಗಳು ಸಹಜವಾಗಿ ಓಡುವ ವೇಗವೇ ಅದು! ಉಯ್ಯಾಲೆಯು ಹಿಂದಕ್ಕೆ ಬಂದಾಗಲೆಲ್ಲ ಮೆಲ್ಲಗೆ ನೂಕುತ್ತಿದ್ದರೆ ಅದು ಎಷ್ಟು ಎತ್ತರಕ್ಕೆ ಏರುವುದೆಂದು ನಿಮಗೆ ಗೊತ್ತು. ಆ ವೇಗದಲ್ಲಿ ಪ್ರತಿಯೊಂದು ಸಂದೂ ಲಾರಿಯ ಕುಣಿತವನ್ನು ಹೀಗೆಯೇ ನೂಕಿ ನೂಕಿ ಏರಿಸುವುದು. ಸಿಮೆಂಟಿನ ರಸ್ತೆಯಲ್ಲಿಯೂ ಸಂದಿಗೆ ಮೇಣ ತುಂಬುವ ಕೆಲಸವನ್ನು ಅಲಕ್ಷಿಸಬಾರದು ಎಂಬುದು ಇದರ ಅರ್ಥ.

ಭಾರವೂ ಕುಣಿತವೂ ಕೂಡಿದರೆ ಏನಾಗುವುದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 2000ದಿಂದ 2010ರವರೆಗಿನ ವರ್ಷಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಹುಬ್ಬಳ್ಳಿಯ ಮಾರ್ಗವಾಗಿ ಘಟ್ಟವಿಳಿದು ಅಂಕೋಲೆಯ ಬಳಿಯ ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದುವು. ಅದಿರು ಬಹಳ ತೂಕದ ವಸ್ತು. ಲಾರಿಯ ಅರ್ಧ ತುಂಬುವ ಮೊದಲೇ ಮಿತಿ ಮೀರುವುದು. ಆ ಹಾದಿಗಳು ಎಷ್ಟು ಕೆಟ್ಟಿದ್ದುವೆಂಬುದನ್ನು ಆ ಕಡೆಯ ಬಂಧುಗಳನ್ನು ಕೇಳಿರಿ. ಗಣಿಗಾರಿಕೆಯ ಬಗೆಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಒಪ್ಪಿಸಿದ ವರದಿಯಲ್ಲಿ ಮಿತಿಮೀರಿ ಭಾರ ಹೇರಿದ ಈ ಲಾರಿಗಳ ವಿಷಯವೂ ಬಂದಿದೆ. ಅದಿರಿನ ಲಾಭವು ಕೆಲವರ ಪಾಲಾಯಿತು. ಕೆಟ್ಟ ರಸ್ತೆಯ ನಷ್ಟವನ್ನು ಮಾತ್ರ ಆ ಹಾದಿಯಲ್ಲಿ ನಡೆದಾಡುವ ಎಲ್ಲರೂ ಹೊತ್ತರು.

ಈಗ ನಮ್ಮ ತರಗತಿಯ ಪ್ರಶ್ನೆಗೆ ಮರಳೋಣ. ಗುಂಡಿಯನ್ನು ತೋಡಿದವರು ಯಾರು? ಒಬ್ಬರಲ್ಲ. ಉಬ್ಬಿ ಕುಗ್ಗುವ ಎರೆಮಣ್ಣು, ಚರಂಡಿಯಿಲ್ಲದೆ ನಿಂತ ನೀರು, ಮಿತಿಮೀರಿದ ಭಾರ, ಗ್ರೀಸು ಕಾಣದ ಕಮಾನು, ಎಣ್ಣೆ ಸೋರಿದ ಷಾಕ್ ಅಬ್ಸಾರ್ಬರ್, ಸಕಾಲದಲ್ಲಿ ಮುಚ್ಚದ ಬಿರುಕು ಎಲ್ಲವೂ ಪಾಲುದಾರರೇ. ಆದುದರಿಂದ ಪರಿಹಾರವೂ ಒಬ್ಬರ ಕೈಯಲ್ಲಿಲ್ಲ. ಲಾರಿಯ ಒಡೆಯನು ಮಿತಿಯಲ್ಲಿ ಸರಕು ಹೇರಬೇಕು, ಕಮಾನನ್ನು ಜೋಪಾನ ಮಾಡಿಸಬೇಕು. ದಣಿದ ಚಾಲಕನ ಮೇಲೆ ತಪ್ಪೆಲ್ಲವನ್ನೂ ಹೊರಿಸುವುದು ಅನ್ಯಾಯ. ಎಷ್ಟು ಹೇರಬೇಕೆಂಬುದನ್ನು ಬಹುಮಟ್ಟಿಗೆ ಆತನು ಗೊತ್ತುಮಾಡುವುದಿಲ್ಲ. ಕೆಟ್ಟ ಕಮಾನಿನ ಪೆಟ್ಟು ಮೊದಲು ಬೀಳುವುದೂ ಆತನ ಬೆನ್ನಿಗೇ. ರಸ್ತೆಯನ್ನು ನೋಡಿಕೊಳ್ಳುವವರು ಬಿರುಕನ್ನು ಬಿರುಕಾಗಿರುವಾಗಲೇ ಮುಚ್ಚಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವಂತೆ ಮಾಡಿಕೊಳ್ಳಬಾರದು. ಮೊದಲನೆಯ ಗುಂಡಿಯನ್ನು ಮುಚ್ಚಿದರೆ ಅದರ ಮುಂದಿನ ಐದಾರು ಗುಂಡಿಗಳನ್ನು ಹುಟ್ಟುವ ಮೊದಲೇ ತಡೆದಂತೆ.

ವಿದ್ಯಾರ್ಥಿಗಳಾದ ನೀವೇನು ಮಾಡಬಲ್ಲಿರಿ? ನೀರು ನಿಂತ ರಸ್ತೆಯಲ್ಲಿ ಸೈಕಲ್ಲಿನಿಂದಿಳಿದು ನಡೆಯಿರಿ. ಮನೆಯ ಕಸವನ್ನು ರಸ್ತೆಯ ಚರಂಡಿಗೆ ಹಾಕಬೇಡಿರಿ. ತುಂಬಿದ ಚರಂಡಿಯ ನೀರು ರಸ್ತೆಯ ಬುಡವನ್ನೇ ಸೇರುತ್ತದೆ. ಶಾಲೆಯ ಹಾದಿಯಲ್ಲಿ ಹೊಸ ಬಿರುಕನ್ನು ಕಂಡರೆ ಹಿರಿಯರ ಮೂಲಕ ನಗರಪಾಲಿಕೆಗೆ ತಿಳಿಸಿರಿ. ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರರಾಗುವಿರಿ, ಕೆಲವರು ವ್ಯಾಪಾರಿಗಳಾಗಿ ಲಾರಿಗಳ ಒಡೆಯರಾಗುವಿರಿ, ಕೆಲವರು ಕಾಯಿದೆ ಮಾಡುವ ಸಭೆಗಳಲ್ಲಿ ಕೂಡುವಿರಿ. ಅಂದು ಈ ನಾಲ್ಕನೆಯ ಘಾತದ ಲೆಕ್ಕವನ್ನು ಮರೆಯಬೇಡಿರಿ.

ಕೈ ಮುರಿದುಕೊಂಡಿದ್ದ ಹುಡುಗನು ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಗುಣ ಹೊಂದಿ ಶಾಲೆಗೆ ಬಂದನು. ಬಿದ್ದ ಗುಂಡಿಯನ್ನು ಅಷ್ಟರಲ್ಲಿ ಮುಚ್ಚಿದ್ದರು. ಆತನು ಒಂದು ಸಂಜೆ ಅಲ್ಲಿಗೆ ಹೋಗಿ, ಲಾರಿಗಳು ಬಂದು ಹೋಗುವುದನ್ನು ರಸ್ತೆಯ ಬದಿಯಲ್ಲಿ ನಿಂತು ನೋಡಿ, ಹೆಜ್ಜೆಯಿಂದ ಅಳೆದುಕೊಂಡು ಬಂದು ನಮಗೆ ಹೇಳಿದನು: "ಗುರುಗಳೇ, ಆ ಗುಂಡಿಯಿಂದ ಏಳು ಹೆಜ್ಜೆ ಮುಂದೆ ಇನ್ನೊಂದು ಬಿರುಕು ಬಿಟ್ಟಿದೆ." ನಾವು ಆತನ ಕೈಯಿಂದಲೇ ಒಂದು ಅರ್ಜಿಯನ್ನು ಬರೆಯಿಸಿದೆವು. ಬಲಗೈಯ ಅಕ್ಷರಗಳು ಇನ್ನೂ ಸ್ವಲ್ಪ ಸೊಟ್ಟಗಿದ್ದುವು. ಅರ್ಜಿಯಲ್ಲಿ ಬರೆದ ವಿಷಯ ಮಾತ್ರ ನೆಟ್ಟಗಿತ್ತು.